‘ಕಟುವಾಗಿ’: ಒಂದು ರುಚಿಪದದ ಚರಿತ್ರೆ, ಬೀದರ ಸೀಮೆಯ ಸಾಕ್ಷ್ಯದೊಂದಿಗೆ

ಪರಸ್ಪರ ದ್ವೇಷವುಳ್ಳವರು ಮಾತಿಗೆ ಮಾತು ಬೆಳೆಸಿದ ಬಗೆಯನ್ನು ಹೇಳಲು ಇಂಗ್ಲಿಷಿನಲ್ಲಿ ‘ಆಕ್ರಿಮೋನಿಯಸ್ಲಿ’ ಎಂಬ ಕ್ರಿಯಾವಿಶೇಷಣವಿದೆ. ಅದನ್ನು ಕನ್ನಡಿಸುವಾಗ ನಾವು ಹೆಚ್ಚು ಯೋಚಿಸದೆ ‘ಕಟುವಾಗಿ’ ಎನ್ನುತ್ತೇವೆ. ‘ಖಾರವಾಗಿ’, ‘ಕಹಿಯಾಗಿ’ ಎಂಬವನ್ನು ಅದರ ಪರ್ಯಾಯಗಳೆಂದೇ ಬಗೆಯುತ್ತೇವೆ. ಮೂರೂ ನಾಲಗೆಯ ಅನುಭವದಿಂದ ಹೊರಟು ಮಾತಿನ ವರ್ಣನೆಗೆ ಬಂದ ಪದಗಳು ಎಂಬಷ್ಟರ ಮಟ್ಟಿಗೆ ಈ ಬಳಕೆ ಸರಿ. ಆದರೆ ಮೂರರ ಅರ್ಥವೂ ಒಂದೇ ಅಲ್ಲ, ಅವು ಕನ್ನಡದಲ್ಲಿ ಈ ಸ್ಥಾನಕ್ಕೆ ಬಂದ ದಾರಿಯೂ ಒಂದೇ ಅಲ್ಲ. ಕನ್ನಡ, ಮರಾಠಿ, ದಖನಿ ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಬೀದರ, ಭಾಲ್ಕಿ, ಔರಾದಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ದಾರಿಗಳು ಬೇರೆಬೇರೆಯಾಗಿ ಕಾಣುತ್ತವೆ. ಬೆಂಗಳೂರು ಅಥವಾ ಧಾರವಾಡದ ಕನ್ನಡವನ್ನಷ್ಟೇ ಆಧರಿಸಿದ ನಿಘಂಟಿನಲ್ಲಿ ಅವು ಕೂಡಿಹೋಗಿರುತ್ತವೆ.

ಮೊದಲು ಇಂಗ್ಲಿಷ್ ಪದದ ವಿಚಾರವನ್ನು ಮುಗಿಸಿಕೊಳ್ಳಬಹುದು. ಅದರ ಬುಡದಲ್ಲಿರುವುದು ‘ಹರಿತ’ ಎಂಬರ್ಥದ ಲ್ಯಾಟಿನ್ ‘ಆಕೆರ್’. ಇದರಿಂದಾದ ‘ಆಕ್ರಿಮೋನಿಯ’ ಲ್ಯಾಟಿನಿನಲ್ಲಿ ರುಚಿಯ ಚುರುಕನ್ನೂ ಮಾತಿನ ಚುರುಕನ್ನೂ ಹೇಳುತ್ತಿತ್ತು. ವಾಗ್ಮಿಯ ವಿಷಯದಲ್ಲಿ ಅದು ಹೊಗಳಿಕೆಯೂ ಆಗಬಹುದಿತ್ತು. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಮೊದಲ ಅರ್ಥ ನಾಲಗೆಗೆ ಮೂಗಿಗೆ ತಾಕುವ ಘಾಟು. 17ನೆಯ ಶತಮಾನದ ಆರಂಭದಲ್ಲಿ ಅದು ಮನುಷ್ಯರ ಸ್ವಭಾವಕ್ಕೂ ಮಾತಿಗೂ ಹರಡಿತು. ಆಮೇಲೆ ರುಚಿಯ ಅರ್ಥವೇ ಹಿಂದೆ ಸರಿಯಿತು. ಇಂದು ಆ ಪದವನ್ನು ಬಳಸುವ ಇಂಗ್ಲಿಷ್ ಭಾಷಿಕನಿಗೆ ಯಾವ ರುಚಿಯೂ ನೆನಪಾಗುವುದಿಲ್ಲ. ಉಳಿದಿರುವುದು ಒಂದು ಸಂಬಂಧದ ಸೂಚನೆ: ಎರಡು ಪಕ್ಷಗಳಿವೆ, ಅವುಗಳ ನಡುವೆ ಹಗೆ ಇದೆ, ಆ ಹಗೆ ಮಾತಿನಲ್ಲಿ ಹೊರಬಿದ್ದಿದೆ. ಅದೇ ಭಾಷೆಯ ‘ಬಿಟರ್’ ಎಂಬ ಪದವೂ ‘ಕಚ್ಚು’ ಎಂಬರ್ಥದ ‘ಬೈಟ್’ ಧಾತುವಿನ ಸಂಬಂಧಿಯೇ. ನಾಲಗೆಯನ್ನು ಕಚ್ಚುವುದು, ಕೊಯ್ಯುವುದು, ಚುಚ್ಚುವುದು ಎಂಬ ಕಲ್ಪನೆಯಿಂದ ರುಚಿಪದಗಳು ಹುಟ್ಟುವುದು ಹಲವು ಭಾಷೆಗಳಲ್ಲಿ ಕಾಣುವ ಸಂಗತಿ.

‘ಕಟು’ವಿನ ಮೂಲದ ಬಗೆಗೆ ನಡೆದಿರುವ ಚರ್ಚೆ ಇದಕ್ಕಿಂತ ಸ್ವಾರಸ್ಯವುಳ್ಳದ್ದು. ‘ಕಟುಕ’ ಎಂಬ ರೂಪ ಋಗ್ವೇದದಲ್ಲಿಯೇ ಇದೆ. ಹತ್ತನೆಯ ಮಂಡಲದ ವಿವಾಹಸೂಕ್ತದಲ್ಲಿ, ವಧುವಿನ ವಸ್ತ್ರ ಮುಟ್ಟಬಾರದ, ವಿಷಕ್ಕೆ ಸಮಾನವಾದ ವಸ್ತುವೆಂದು ಹೇಳುವ ಋಕ್ಕಿನಲ್ಲಿ ಅದು ಬರುತ್ತದೆ. ಈ ಪದದ ಹುಟ್ಟಿನ ಬಗ್ಗೆ ಎರಡು ವಾದಗಳಿವೆ. ಒಂದರ ಪ್ರಕಾರ ಇದು ಶುದ್ಧ ಇಂಡೋ-ಯುರೋಪಿಯನ್: ‘ಕತ್ತರಿಸು’ ಎಂಬರ್ಥದ ಧಾತುವಿನಿಂದ ‘ಕೃತು’ ಎಂಬಂಥ ರೂಪ ಹುಟ್ಟಿ, ಋಕಾರದ ಪ್ರಭಾವದಿಂದ ತಕಾರವು ಟಕಾರವಾಯಿತು. ಲಿಥುವೇನಿಯನ್ ಭಾಷೆಯಲ್ಲಿ ‘ಕಹಿ’ ಎಂಬರ್ಥದ ‘ಕರ್ತುಸ್’ ಇದಕ್ಕೆ ಸೋದರ. ‘ವಿಕೃತ’ದಿಂದ ‘ವಿಕಟ’ ಆದದ್ದು ಈ ಧ್ವನಿವ್ಯತ್ಯಾಸಕ್ಕೆ ಎಲ್ಲರೂ ಒಪ್ಪುವ ನಿದರ್ಶನ. ಇನ್ನೊಂದು ವಾದ ದ್ರಾವಿಡದ ಕಡೆಯದು. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಪಟ್ಟಿಯಲ್ಲಿ ‘ಕಟು’ವನ್ನು ಸೇರಿಸಿದರು, ಒಂದು ಶತಮಾನದ ಬಳಿಕ ಟಿ. ಬರೋ ತಮ್ಮ ‘ದ ಸಂಸ್ಕೃತ ಲ್ಯಾಂಗ್ವೇಜ್’ ಗ್ರಂಥದಲ್ಲಿ ಅದನ್ನೇ ಸಮರ್ಥಿಸಿದರು. ತಮಿಳಿನ ‘ಕಡು’ ಎಂಬುದಕ್ಕೆ ವಿಷ, ವಿಷಜಂತು ಕಚ್ಚಿದಾಗಿನ ಸೆಳೆತ, ಘಾಟು, ಉಗ್ರತೆ, ಕ್ರೌರ್ಯ ಎಂಬ ವಿಸ್ತಾರವಾದ ಅರ್ಥಗಳಿವೆ. ತಿರುಕ್ಕುರಳ್ ಗ್ರಂಥದಲ್ಲಿ ರಾಜನಾದವನು ಪ್ರಜೆಗಳು ಬೆದರುವಂತೆ ನಡೆದುಕೊಳ್ಳಬಾರದೆಂದು ಹೇಳುವ ಅಧಿಕಾರದಲ್ಲಿ ‘ಕಡು’ವು ಮಾತಿಗೇ ವಿಶೇಷಣವಾಗಿ ಬಂದಿದೆ. ಎಂದರೆ ಬಿರುನುಡಿಯನ್ನು ‘ಕಡು’ ಎನ್ನುವುದು ದಕ್ಷಿಣದಲ್ಲಿ ಸಂಸ್ಕೃತದಿಂದ ಕಲಿತ ರೂಢಿಯಾಗಿರಬೇಕಾಗಿಲ್ಲ.

ನಮ್ಮ ಒಲವು ಬರೋ ಅವರ ಕಡೆಗಿದೆ. ಎರವಲು ಪದವು ಸಾಮಾನ್ಯವಾಗಿ ಮೂಲಭಾಷೆಯ ಅರ್ಥವಿಸ್ತಾರದ ಒಂದು ತುಣುಕನ್ನು ಮಾತ್ರ ಒಯ್ಯುತ್ತದೆ. ದ್ರಾವಿಡದಲ್ಲಿ ನೋವು, ವಿಷ, ಉಗ್ರತೆ, ರುಚಿ ಎಲ್ಲವೂ ಒಂದು ಕ್ರಿಯಾಧಾತುವಿನ ಸುತ್ತ ನಿಂತಿವೆ; ಸಂಸ್ಕೃತದಲ್ಲಿ ರುಚಿಯೇ ಪ್ರಧಾನವಾಗಿ, ಉಳಿದವು ಅದರಿಂದ ಲಕ್ಷಣೆಯಾಗಿ ಬೆಳೆದಂತೆ ತೋರುತ್ತವೆ. ಆದರೆ ಇದು ಒಲವು ಮಾತ್ರ. ‘ಕರ್ತುಸ್’ ಎಂಬ ಸೋದರಪದವನ್ನು ತಳ್ಳಿಹಾಕುವಷ್ಟು ಬಲ ನಮ್ಮ ವಾದಕ್ಕಿಲ್ಲ. ಎರಡು ಪದಗಳು ಭಾರತದ ನೆಲದಲ್ಲಿ ಎದುರುಬದುರಾಗಿ ಒಂದರ ಅರ್ಥವನ್ನು ಇನ್ನೊಂದು ಬಲಪಡಿಸಿದವು ಎಂದು ಹೇಳಿದರೂ ಮುಂದಿನ ಚರ್ಚೆಗೆ ಬಾಧಕವಿಲ್ಲ.

ಕನ್ನಡದಲ್ಲಿ ದೇಶ್ಯವಾದ ‘ಕಡು’ ಏನಾಯಿತು ಎಂಬುದು ನಮಗೆ ಮುಖ್ಯ. ಕಡುಬಡವ, ಕಡುಗಪ್ಪು, ಕಡುಗೋಪ, ಕಡುಚೆಲುವೆ, ಸ್ವರದ ಮುಂದೆ ಕಟ್ಟಾಳು: ಎಲ್ಲ ಕಡೆಯೂ ಅದು ‘ಬಹಳ’, ‘ಅತಿಶಯ’ ಎಂಬುದನ್ನು ಹೇಳುತ್ತದೆ. ಚೆಲುವಿಗೂ ‘ಕಡು’ ಸೇರಬಹುದಾದರೆ ಅದರಲ್ಲಿ ರುಚಿಯೂ ಇಲ್ಲ, ನೋವೂ ಇಲ್ಲ, ಬರಿಯ ಪ್ರಮಾಣ ಉಳಿದಿದೆ. ತಮಿಳಿನಲ್ಲಿ ವಿಷವಾಗಿದ್ದದ್ದು ಕನ್ನಡದಲ್ಲಿ ಅಳತೆಯಾಯಿತು. ಹೀಗೆ ತೆರವಾದ ಜಾಗಕ್ಕೆ, ಹಗೆಯ ಮಾತನ್ನು ಹೇಳುವ ಬರಹದ ಕನ್ನಡದ ಅಗತ್ಯಕ್ಕೆ, ‘ಕಟು’ವು ಸಂಸ್ಕೃತದ ಮೂಲಕ ಬಂದು ಕುಳಿತುಕೊಂಡಿತು. ಬರೋ ಅವರ ವಾದ ನಿಜವಾದರೆ ಇದು ಮನೆಬಿಟ್ಟು ಹೋದ ಪದವು ವೇಷ ಬದಲಿಸಿಕೊಂಡು ಮನೆಗೆ ಮರಳಿದ ಕಥೆ. ವ್ಯಾಕರಣದ ಒಂದು ಕಿರುತೊಡಕೂ ಇಲ್ಲಿದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿದರೆ ಅರಿಸಮಾಸವೆಂದು ಲಾಕ್ಷಣಿಕರು ಆಕ್ಷೇಪಿಸಿದರು; ‘ಕವಿರಾಜಮಾರ್ಗ’ದ ಕಾಲದಿಂದಲೂ ಈ ಎಚ್ಚರಿಕೆ ಇದೆ. ‘ಕಟೂಕ್ತಿ’, ‘ಕಟುವಚನ’ಗಳಿಗೆ ದೋಷವಿಲ್ಲ, ‘ಕಟುನುಡಿ’ಗೆ ದೋಷವುಂಟು. ಆದರೆ ‘ಕಟು’ವಿನ ಬೇರು ದ್ರಾವಿಡವೇ ಆಗಿದ್ದರೆ ‘ಕಟುನುಡಿ’ಯಲ್ಲಿ ಅರಿ ಯಾರು ಎಂಬ ಪ್ರಶ್ನೆಗೆ ಕೇಶಿರಾಜನ ಸೂತ್ರಗಳಲ್ಲಿ ಉತ್ತರ ಹುಡುಕುವುದು ಕಷ್ಟ.

ರುಚಿಯ ಜಾಗಕ್ಕೆ ಬಂದ ‘ಖಾರ’ದ ಚರಿತ್ರೆ ಬೇರೆ. ಆಯುರ್ವೇದದ ಆರು ರಸಗಳಲ್ಲಿ ಕಟು ಎಂದರೆ ಮೆಣಸಿನ ರುಚಿ, ತಿಕ್ತ ಎಂದರೆ ಬೇವಿನ ರುಚಿ. ಶುಂಠಿ, ಮೆಣಸು, ಹಿಪ್ಪಲಿಗಳನ್ನು ಕೂಡಿಸಿ ‘ತ್ರಿಕಟು’ ಎಂದು ಇಂದಿಗೂ ಕರೆಯುತ್ತೇವೆ. ಅವುಗಳಲ್ಲಿ ಒಂದೂ ಕಹಿಯ ಹೆಸರಿಗೆ ಪ್ರಸಿದ್ಧವಲ್ಲ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಮೆಣಸಿನಕಾಯಿ ಬಂತು, ತನ್ನ ಹೆಸರನ್ನು ಮೆಣಸಿನಿಂದಲೇ ಪಡೆಯಿತು, ಅಡುಗೆಮನೆಯನ್ನು ಆಕ್ರಮಿಸಿತು. ಅದರ ರುಚಿಯನ್ನು ಕನ್ನಡಿಗರು ‘ಖಾರ’ ಎಂದರು. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿಯ ಪುಡಿಯೇ ‘ಖಾರ’. ಈ ಪದವನ್ನು ಸಂಸ್ಕೃತದ ‘ಕ್ಷಾರ’ಕ್ಕೆ ಸಂಬಂಧಿಸುವುದು ರೂಢಿ, ಅಲ್ಲಿ ಅದರ ಅರ್ಥ ಬೂದಿಯ ಒಗರು, ಸವುಳು. ಆದ್ದರಿಂದಲೇ ಮರಾಠಿಯ ‘ಖಾರಟ’, ದಖನಿಯ ‘ಖಾರಾ’ ಎಂದರೆ ಉಪ್ಪುಪ್ಪಾದದ್ದು. ಬೀದರಿನ ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರು ಒಂದೇ ಸಾರನ್ನು ‘ಖಾರ’, ‘ಖಾರಾ’ ಎಂದರೆ ಒಬ್ಬನು ಮೆಣಸಿನಕಾಯಿಯನ್ನೂ ಇನ್ನೊಬ್ಬನು ಉಪ್ಪನ್ನೂ ದೂರಿದಂತಾಗುತ್ತದೆ.

ಬೀದರ ಸೀಮೆಯ ಭಾಷಾಸ್ಥಿತಿಯ ಹಿನ್ನೆಲೆಯನ್ನು ಇಲ್ಲಿ ಚಿಕ್ಕದಾಗಿ ನೆನೆಯಬೇಕು. ‘ಕವಿರಾಜಮಾರ್ಗ’ವು ಗೋದಾವರಿಯವರೆಗೆ ಎಂದು ಹೇಳುವ ಕನ್ನಡ ನಾಡಿನ ಉತ್ತರದ ಅಂಚು ಇದು, ಇಲ್ಲಿ ಹರಿಯುವ ಮಾಂಜ್ರಾ ಗೋದಾವರಿಯನ್ನೇ ಸೇರುತ್ತದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದನು. ಆಡಳಿತದ ಪಾರಸಿ, ಪೇಟೆ ಪಾಳೆಯಗಳ ದಖನಿ ಇಲ್ಲಿ ನೆಲೆಯೂರಿದವು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನು ಪಾರಸಿ ಪತ್ರಲೇಖನದ ಕಲೆಯ ಮೇಲೆಯೇ ಗ್ರಂಥ ಬರೆದವನು. ಮುಂದೆ ನಿಜಾಮರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಪಾರಸಿಯ ಸ್ಥಾನಕ್ಕೆ ಉರ್ದು ಬಂತು. ಕಚೇರಿ, ನ್ಯಾಯಾಲಯ, ಶಾಲೆ ಎಲ್ಲವೂ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಒಡೆದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಹೋದವು. ಔರಾದದ ಜನರಿಗೆ ಉದಗೀರದ ಪೇಟೆ ಹತ್ತಿರದ್ದೇ. ಗಡಿ ಎಳೆದ ಮಾತ್ರಕ್ಕೆ ನೆಂಟಸ್ತಿಕೆ, ವ್ಯಾಪಾರಗಳು ನಿಲ್ಲುವುದಿಲ್ಲ, ಪದಗಳೂ ಹಾಗೆಯೇ.

ಈ ಸೀಮೆಯಲ್ಲಿ ನಮ್ಮ ಪದಕ್ಕೆ ಧ್ವನಿಯಲ್ಲಿ ಹತ್ತಿರವಾದ ಐದು ಪದಗಳು ಕಿವಿಗೆ ಬೀಳುತ್ತವೆ. ಕನ್ನಡದ ‘ಕಡು’ ಎಂದರೆ ಅತಿಶಯ. ಮರಾಠಿಯ ‘ಕಡೂ’ ಎಂದರೆ ಕಹಿ. ಬೇವಿಗೆ ಆ ಭಾಷೆಯಲ್ಲಿ ‘ಕಡುಲಿಂಬ’ ಎಂದೇ ಹೆಸರು. ದಖನಿಯ ‘ಕಡ್ವಾ’ ಎಂದರೂ ಕಹಿಯೇ. ಬರಹದ ಕನ್ನಡದ ‘ಕಟು’ ಎಂದರೆ ಕಠೋರ. ಇವುಗಳ ಜತೆಗೆ ‘ಕಡಕ್’: ಕಡಕ್ ರೊಟ್ಟಿ, ಕಡಕ್ ಚಹಾ, ಕಡಕ್ ಸಾಹೇಬ. ಕೊನೆಯದು ಈ ಕುಲಕ್ಕೆ ಸೇರಿದ್ದಲ್ಲ. ಮುರಿಯುವ ಸದ್ದಿನ ಅನುಕರಣೆಯಿಂದ ಹುಟ್ಟಿ ಮರಾಠಿ-ಹಿಂದಿಗಳ ಮೂಲಕ ಬಂದದ್ದು. ಆದರೂ ಆಡುಮಾತಿನಲ್ಲಿ ಬರಹದ ‘ಕಟುವಾಗಿ’ಯ ಕೆಲಸದ ಒಂದು ಪಾಲನ್ನು, ಅಂದರೆ ದಯೆದಾಕ್ಷಿಣ್ಯವಿಲ್ಲದೆ ಹೇಳುವುದನ್ನು, ‘ಕಡಕ್’ ವಹಿಸಿಕೊಂಡಿದೆ.

ಕನ್ನಡದ ‘ಕಡು’ ಮತ್ತು ಮರಾಠಿಯ ‘ಕಡೂ’ಗಳ ಸಾಮ್ಯ ಓದುಗರನ್ನು ಮೋಸಗೊಳಿಸಬಹುದು. ಒಂದು ಇನ್ನೊಂದರಿಂದ ಬಂದದ್ದಲ್ಲ. ಸಂಸ್ಕೃತದ ‘ಕಟುಕ’ವು ಪ್ರಾಕೃತದಲ್ಲಿ, ಸ್ವರಮಧ್ಯದ ಟಕಾರ ಡಕಾರವಾಗಿ, ‘ಕಡುಅ’ ಆಯಿತು. ಅದರಿಂದ ಮರಾಠಿಯ ‘ಕಡೂ’, ದಖನಿಯ ‘ಕಡ್ವಾ’. ಕನ್ನಡದ ಡಕಾರವಾದರೋ ದ್ರಾವಿಡದಲ್ಲಿ ಸಹಜವಾದದ್ದು. ಹೀಗೆ ಎರಡು ಬೇರೆ ದಾರಿಗಳಲ್ಲಿ ನಡೆದು ಬಂದ ರೂಪಗಳು ಭಾಲ್ಕಿಯ ಸಂತೆಯಲ್ಲಿ ಹೆಚ್ಚುಕಡಿಮೆ ಒಂದೇ ಉಚ್ಚಾರದಲ್ಲಿ ಎದುರಾಗುತ್ತವೆ. ಅರ್ಥ ಮಾತ್ರ ಒಂದರಲ್ಲಿ ಪ್ರಮಾಣ, ಇನ್ನೊಂದರಲ್ಲಿ ರುಚಿ. ಪರಿಭಾಷೆಯ ಪುಸ್ತಕಗಳು ‘ಸುಳ್ಳು ಮಿತ್ರರು’ ಎನ್ನುವ ಜೋಡಿಗಿಂತ ಇದು ತೊಡಕಿನದು. ಬರೋ ಅವರನ್ನು ಒಪ್ಪಿದರೆ ಇವರು ತಲೆಮಾರುಗಳ ಹಿಂದೆ ಬೇರೆಯಾದ ದಾಯಾದಿಗಳು. ಮರಾಠಿಯಲ್ಲಿ ‘ಕಡವಾ’ ಎಂಬುದು ‘ನಿಷ್ಠಾವಂತ, ಹಟದ’ ಎಂಬರ್ಥದಲ್ಲಿ ಅನುಯಾಯಿಗಳಿಗೂ ಹೋರಾಟಗಾರರಿಗೂ ವಿಶೇಷಣವಾಗಿದೆ. ಕಹಿಯಿಂದ ಹೊರಟು ಅದೂ ಪ್ರಮಾಣದ ಕಡೆಗೇ ವಾಲಿತು. ಕನ್ನಡದ ‘ಕಡು’ ಎಂದೋ ನಡೆದ ದಾರಿಯಲ್ಲಿ.

ಕಟುವು ಮೆಣಸನ್ನು ಬಿಟ್ಟು ಬೇವಿನ ಕಡೆಗೆ ಸರಿದದ್ದು ಹೇಗೆ? ಉತ್ತರದ ಆರ್ಯಭಾಷೆಗಳಲ್ಲಿ ಈ ಪಲ್ಲಟ ಪೂರ್ಣವಾಗಿ ನಡೆದಿದೆ. ಹಳೆಯ ಅರ್ಥದ ಕುರುಹು ಮಾತ್ರ ಅಲ್ಲಲ್ಲಿ ಉಳಿದಿದೆ: ಹಿಂದಿ-ಉರ್ದುಗಳಲ್ಲಿ ಸಾಸಿವೆಯೆಣ್ಣೆಗೆ ‘ಕಡ್ವಾ ತೇಲ್’ ಎನ್ನುತ್ತಾರೆ, ಅದು ಕಹಿಯಲ್ಲ, ಘಾಟು. ಕನ್ನಡದಲ್ಲಿ ಬೇವಿನ ರುಚಿಗೆ ತನ್ನದೇ ಪದವಿತ್ತು. ಹಳಗನ್ನಡದ ‘ಕಯ್ಪು’, ‘ಕಯ್ಪೆ’ಗಳು ಪಕಾರ ಹಕಾರವಾಗಿ ‘ಕಹಿ’ ಆದವು. ಔರಾದಕ್ಕೆ ಪೂರ್ವದಲ್ಲಿ ಕೇಳಿಬರುವ ತೆಲುಗಿನ ‘ಚೇದು’ ಕೂಡ ಅದರ ಸೋದರಿಯೇ. ಕಹಿ ಇದ್ದುದರಿಂದ ಕನ್ನಡದ ಕಟುವಿಗೆ ಬೇವಿನ ಕಡೆಗೆ ಹೋಗುವ ಅಗತ್ಯ ಬೀಳಲಿಲ್ಲ. ಆದರೆ ಈಚಿನ ಬರಹದಲ್ಲಿ ‘ಕಟುಸತ್ಯ’, ‘ಕಟು ಅನುಭವ’ ಎಂಬ ಸಮಾಸಗಳು ಬಂದಿವೆ. ಇಲ್ಲಿನ ಕಟು ಮೆಣಸಲ್ಲ, ನುಂಗಲಾಗದ ಬೇವು. ಇವು ಹಿಂದಿ-ಮರಾಠಿಗಳ ‘ಕಟುಸತ್ಯ’ದ ನೆರಳಿನಲ್ಲಿ ಬೆಳೆದವೆಂಬುದು ನಮ್ಮ ಊಹೆ. ‘ಕಟುವಾಗಿ ಟೀಕಿಸಿದರು’ ಎಂಬಲ್ಲಿ ಮಾತ್ರ ಹಳೆಯ ಕಾಠಿಣ್ಯದ ಅರ್ಥ ಗಟ್ಟಿಯಾಗಿ ನಿಂತಿದೆ.

ಇಷ್ಟು ಹೇಳಿದ ಮೇಲೆ, ಮಾತಿಗೆ ಅನ್ವಯಿಸಿದಾಗ ಈ ಪದಗಳು ಯಾವುದರಲ್ಲಿ ಬೇರೆಯಾಗುತ್ತವೆ ಎಂಬ ಪ್ರಶ್ನೆಗೆ ಬರಬಹುದು. ರುಚಿ ಯಾರ ನಾಲಗೆಯ ಮೇಲಿದೆ ಎಂಬುದರಲ್ಲಿ, ಎಂದು ನಮ್ಮ ಉತ್ತರ. ‘ಖಾರವಾಗಿ ನುಡಿದ’ ಎಂದಾಗ ಉರಿ ಆಡಿದವನದು. ಕೇಳಿದವನಿಗೆ ತಾಗಿರಬಹುದು, ತಾಗದಿರಲೂಬಹುದು. ದಖನಿಯಲ್ಲಿ ‘ಕಡ್ವೀ ಬಾತ್’ ಎಂದಾಗ ಕಹಿ ಕೇಳಿದವನದು. ಆಡಿದವನು ಹಿತೈಷಿಯೇ ಆಗಿರಬಹುದು, ಔಷಧ ಕೊಟ್ಟ ತಾಯಿಯಂತೆ. ‘ಕಟುವಾಗಿ’ ಎಂದಾಗ ಇಬ್ಬರ ನಾಲಗೆಯೂ ಮುಖ್ಯವಲ್ಲ, ಮಾತೇ ಮೃದುತ್ವವಿಲ್ಲದ್ದು. ನ್ಯಾಯಾಧೀಶರು ತೀರ್ಪಿನಲ್ಲಿ ಕಟುವಾಗಿ ಹೇಳಬಹುದು, ಅವರಿಗೆ ಯಾರ ಮೇಲೂ ಹಗೆಯಿಲ್ಲ. ಇಂಗ್ಲಿಷಿನ ‘ಆಕ್ರಿಮೋನಿಯಸ್ಲಿ’ ಕೇಳುವುದು ಇದಾವುದನ್ನೂ ಅಲ್ಲ. ಅದಕ್ಕೆ ಬೇಕಾದದ್ದು ಇಬ್ಬರ ನಡುವೆ ಹಳಸಿದ ಸಂಬಂಧ. ಕನ್ನಡದಲ್ಲಿ ಅದಕ್ಕೆ ಹತ್ತಿರ ಬರುವುದು ‘ಕಹಿ’: ‘ಅವರಿಬ್ಬರ ನಡುವೆ ಕಹಿಯಾಯಿತು’, ‘ಮನಸ್ಸು ಕಹಿ ಮಾಡಿಕೊಂಡರು’ ಎಂಬಲ್ಲಿ ಅದು ಸಂಬಂಧವನ್ನೇ ಹೇಳುತ್ತದೆ. ಮರಾಠಿಯ ‘ಕಡವಟಪಣಾ’ ಕೂಡ ಹಾಗೆಯೇ. ಆದ್ದರಿಂದ ಆ ಇಂಗ್ಲಿಷ್ ಪದಕ್ಕೆ ‘ಕಟುವಾಗಿ’ ಎಂಬುದಕ್ಕಿಂತ ‘ಕಹಿ ಮನಸ್ಸಿನಿಂದ’, ‘ಹಗೆಯಿಂದ’ ಎಂಬವು ನಿಜಕ್ಕೆ ಹೆಚ್ಚು ಸಮೀಪ.

ರೂಪದ ಸಮಸ್ಯೆಯೂ ಒಂದಿದೆ. ದಖನಿಯಲ್ಲಿ ‘ಕಡ್ವಾ ಬೋಲ್ಯಾ’ ಎಂದರೆ ವಾಕ್ಯ ಪೂರ್ತಿ. ಗುಣವಾಚಕವೇ ಕ್ರಿಯೆಯ ಪಕ್ಕದಲ್ಲಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ಆಡುಗನ್ನಡದಲ್ಲಿಯೂ ‘ಛಲೋ ಮಾತಾಡಿದ’ ಎಂದರೆ ಸಾಕು. ಶಿಷ್ಟ ಕನ್ನಡ ಮಾತ್ರ ‘ಆಗಿ’ಯನ್ನು ಕೇಳುತ್ತದೆ. ‘ಕಟುವಾಗಿ ನುಡಿದನು’ ಎಂದರೆ ಕಟುವಾದವನು ಯಾರು, ಅವನೋ ಅವನ ನುಡಿಯೋ? ‘ಆಗಿ’ ಎರಡಕ್ಕೂ ಹೊಂದುತ್ತದೆ, ಒಂದನ್ನೂ ನಿಶ್ಚಯಿಸುವುದಿಲ್ಲ.

ಇದು ಪಂಡಿತರ ಚರ್ಚೆಯಾಗಿ ಮಾತ್ರ ಉಳಿಯುವುದಿಲ್ಲವೆಂಬುದಕ್ಕೆ ಠಾಣೆ, ನ್ಯಾಯಾಲಯಗಳ ಬರಹವನ್ನು ನೋಡಬೇಕು. 1860ರ ಭಾರತೀಯ ದಂಡ ಸಂಹಿತೆಯ 504ನೆಯ ಕಲಮು, ಈಗ 2023ರ ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮು, ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶದಿಂದ ಮಾಡಿದ ಅಪಮಾನವನ್ನು ಅಪರಾಧವೆನ್ನುತ್ತದೆ. ಕಾನೂನು ಕೇಳುವುದು ಮಾತಿನ ರುಚಿಯನ್ನಲ್ಲ, ಆಡಿದವನ ಉದ್ದೇಶವನ್ನು. ಹೊಲದ ಬದುವಿನ ಜಗಳದಲ್ಲಿ ಸಾಕ್ಷಿಯೊಬ್ಬನು ‘ಉನೇ ಕಡ್ವಾ ಬೋಲ್ಯಾ’ ಎಂದನೆಂದಿಟ್ಟುಕೊಳ್ಳೋಣ. ತನಗೆ ನೋವಾಯಿತೆಂದಷ್ಟೇ ಅವನು ಹೇಳಿದ್ದಾನೆ. ಅದನ್ನು ‘ಕಟುವಾಗಿ ಮಾತನಾಡಿದನು’ ಎಂದು ಬರೆದುಕೊಂಡರೆ ನೋವು ಹೋಗಿ ಕಾಠಿಣ್ಯ ಉಳಿಯಿತು. ಆ ಕನ್ನಡವನ್ನು ಮೇಲಿನ ನ್ಯಾಯಾಲಯಕ್ಕಾಗಿ ‘ಆಕ್ರಿಮೋನಿಯಸ್ಲಿ’ ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಸಾಕ್ಷಿ ಹೇಳದೆ ಇದ್ದ ಹಗೆಯೊಂದು ಕಾಗದದ ಮೇಲೆ ಹುಟ್ಟಿತು. ಎರಡು ಸಲ ಪದ ಬದಲಾಯಿತು, ಎರಡು ಸಲವೂ ನಿಘಂಟಿನ ಒಪ್ಪಿಗೆಯಿತ್ತು. ಕನ್ನಡದ ದೂರುಪತ್ರಗಳಲ್ಲಿ ‘ಅವಾಚ್ಯ ಶಬ್ದಗಳಿಂದ ಬೈದು’ ಎಂಬ ಸಿದ್ಧ ವಾಕ್ಯ ನೆಲೆಸಿರುವುದಕ್ಕೆ ಈ ತೊಡಕೂ ಒಂದು ಕಾರಣವಾಗಿರಬಹುದು. ಅವಾಚ್ಯ ಎಂದರೆ ಆಡಬಾರದ್ದು. ಅಲ್ಲಿ ರುಚಿಯ ಪ್ರಸ್ತಾಪವಿಲ್ಲ, ಕನ್ನಡದಲ್ಲಿ ಬೈದನೋ ಮರಾಠಿಯಲ್ಲಿ ಬೈದನೋ ದಖನಿಯಲ್ಲಿ ಬೈದನೋ ಎಂಬುದೂ ಇಲ್ಲ. ಆಡಿದ ಮಾತು ಆಡಿದ ಭಾಷೆಯಲ್ಲಿಯೇ ದಾಖಲಾದಾಗ ಮಾತ್ರ ಆ ಭೇದ ತಿಳಿಯುತ್ತದೆ.